ಮೂವತ್ತು ತೋರಿಸಿದ ಮುಳ್ಳು

ಹಲೋ... ಹಲೋ, ಯಾರ್ರಿ ಮಾತಾಡೋರು? ದೇಹೂ ರೋಡ್ ರೇಡಿಯೋ ರಿಪೇರಿ ಶೆಡ್ ಹೌದಲ್ರಿ? ಇಂಜಿನಿಯರ್ ಮಾರ್ತಾಂಡರಾಯರನ್ನ ಕರೀರಿ...

ಹಾಂ, ನೀವೇ ಏನು. ನಾನು ಬಿಂದುಮಾಧವ, ಪುಣೆ ತಪಾಸಣೆ ಖೋಲಿಯಿಂದ. ರೇಡಿಯೋ ತಪಾಸ್ ಮಾಡೂ ನಿಮ್ಮ ಸಿಗ್ನಲ್ ಜನರೇಟರ್ ನೋಡಿ ಮುಗೀತು...

ಇಲ್ರಿ, ಪಾಸ್ ಅಂತ ಶಿಕ್ಕಾ ಹೊಡದಿಲ್ಲ. ‘ನೋಡೂದೇನಿಲ್ಲ, ಶಿಕ್ಕಾ ಹೊಡದು ಕಳಸ್ರಿ’ ಅಂತ ಚೀಟಿ ಬರದೀರಿ. ಅಕ್ಷರ ಭಾಳ ದುಂಡಗ ಅವ. ಆದ್ರೂ ನೋಡಿದೆ...

ಮೀಟರಿನ ಮುಳ್ಳು ಮೂವತ್ತು ತೋರಸ್ತಿತ್ತು, ಗೊತ್ತದ. ನಾ ಮುಳ್ಳು ನಂಬಲಿಲ್ಲ, ಆಸಿಲೋಸ್ಕೋಪಿನ ಪರದೆ ಮ್ಯಾಲೆ ಅಲೀನೇ ನೋಡಿದೆ. ಮಾಡ್ಯುಲೇಷನ್, ಅಲಿ ಮ್ಯಾಲೆ ದನಿ ಹೇರೂ ಪ್ರಮಾಣ, ನೂರಕ್ಕ ಮೂವತ್ತು ಇರಬೇಕಾದದ್ದು ಬರೇ ಹನ್ನೆರಡು ಇತ್ತು...

ಹಾಂ, ಹನ್ನೆರಡು. ಫ್ರೀಕ್ವೆನ್ಸಿ ಬದಲಿಸಿದ ಕೂಡಲೇ ಪವರ್ ಸೈತ ಅರ್ಧಕ್ಕ ಇಳೀತಿತ್ತು. ಪ್ರತಿ ಸಲ ಗುಂಡಿ ತಿರುವಿ ಲೆವೆಲ್ ಕೆಂಪು ಗೆರಿಗೆ ತರಬೇಕಲ್ರಿ? ನಿಮ್ಮ ಗುಂಡಿ ಮ್ಯಾಲೆ ಧೂಳ ಕುಂತಿತ್ತು. ಎಷ್ಟು ತಿಂಗಳಾತು ಮುಟ್ಟಿ?...

ಮುಂಬೈ ಡಿಪ್ಲೊಮಾ ಅದ, ಹೌದು. ಗೋಡಿ ಮ್ಯಾಲೆ ಗಾಜಿನ ಚೌಕಟ್ಟಿನ್ಯಾಗ ನೋಡೇನಿ. ಗುಂಡಿ ತಿರುವೂದು ಅದರಾಗ ಕಲಿಸಲಿಲ್ಲೇನು?...

ಕೇಳ್ರಿ ಇಲ್ಲೆ. ಈ ಸುಳ್ಳು ಮಷೀನ್ ಹಚ್ಚಿ ಇಪ್ಪತ್ತೆರಡು ರೇಡಿಯೋ ತಪಾಸ್ ಮಾಡಿದ್ರಿ. ಮಷೀನೇ ಸಣ್ಣಗ ಕೂಗಿದ್ರ, ಅವಕ್ಕ ಕಿವಿ ಮಂದ ಅಂತ ಬರದ್ರಿ. ಫೌಜಿನ ರೇಡಿಯೋ ಅವು, ಲಡಾಯಿ ನಡದದ, ಅವನ್ನ ಮೂಲಿಗೆ ಒಗದ್ರಿ. ರಿಪೇರಿ ಮಾಡಿದ ಶಿವಪುತ್ರಪ್ಪನ್ನ, ಎಂಟು ವರ್ಷ ಕೆಲಸ ಮಾಡಿದ ಮೆಕ್ಯಾನಿಕನ್ನ, ‘ಕೈ ನೆಟ್ಟಗಿಲ್ಲ’ ಅಂತ ಎಲ್ಲಾರ ಮುಂದ ಬೈದು ಹೊರಗ ಹಾಕಿದ್ರಿ. ಮಷೀನ್ ಒಮ್ಮೆ ನೋಡ್ರಿ ಅಂದಿದ್ದ, ಅಲ್ಲೇನ್ರಿ? ಅಂದಿದ್ದನೋ ಇಲ್ಲೋ?...

ಉದ್ಧಟತನ. ಹಾಂ. ಹಂಗ ಅಂದ್ರಿ ಅಂತ ಅವನೂ ಹೇಳಿದ...

ಇಲ್ಲೇ ಅದಾನ. ನಿನ್ನೆ ಬಂದು ಬಾಗಲ್ದಾಗ ನಿಂತಿದ್ದ. ಸ್ಕ್ರೂಡ್ರೈವರ್ ಕೊಟ್ರ ಮುಟ್ಟಲಿಲ್ಲ. ಅವಗ ತನ್ನ ಕೈ ಮ್ಯಾಲೇ ಸಂಶಯ ಬಂದಿತ್ರಿ. ಇವತ್ತ ಮುಂಜಾನೆ ಮಷೀನಿನ ಸವೆದ ವಾಲ್ವ್ ಅವನ ಕೈಲೇ ತಗಿಸಿ ಹೊಸಾದು ಹಾಕಿಸಿದೆ. ಎರಡು ತಾಸಿನ್ಯಾಗ ಖರೇ ಮೂವತ್ತಕ್ಕ ತಂದ. ಪವರ್ ಎಲ್ಲಾ ಫ್ರೀಕ್ವೆನ್ಸಿಗೂ ಒಂದೇ ಸಮ...

ಏನಂದ್ರಿ? ಲಾರ್ಯಾಗ ಬರೂ ಮುಂದ ಕೆಟ್ಟದ ಅಂತ ಬರೀಲಾ? ವಾಲ್ವ್ ಒಂದ ದಿನದಾಗ ಲಾರ್ಯಾಗ ಸವೀತದೇನ್ರಿ? ಸುಳ್ಳು ಹೇಳಾಕೂ ಸ್ವಲ್ಪ ಓದಿರಬೇಕು...

ತಡ ಆತ್ರಿ. ವರದಿ ಕ್ಯಾಪ್ಟನ್ ಸಾಹೇಬರ ಟೇಬಲ್ ಮ್ಯಾಲೆ ಹೋಗ್ಯದ. ಇಪ್ಪತ್ತೆರಡೂ ರೇಡಿಯೋ ಮತ್ತ ತಪಾಸ್ ಮಾಡ್ರಿ ಅಂತ ಹುಕುಂ ಆಗ್ಯದ. ನಾಳೆ ನಿಮ್ಮ ಶೆಡ್ಡಿಗೆ ಶಿವಪುತ್ರಪ್ಪನೇ ಬರ್ತಾನ. ನೀವು ಎಬ್ಬಿಸಿದ ತನ್ನ ಹಳೇ ಟೇಬಲ್ಲಿಗೇ ಕೂಡ್ತಾನ...

ತಪ್ಪಾತು ಅಂತ ನನಗ್ಯಾಕ ಹೇಳ್ತೀರಿ? ನನ್ನ ಕೈಗೆ ನೀವು ಏನೂ ಅಂದಿಲ್ಲ. ಅವಗ ಹೇಳ್ರಿ, ಬಾಜೂಕೇ ನಿಂತಾನ. ಶಿವಪುತ್ರಪ್ಪ, ತಗೋಪಾ, ನಿಮ್ಮ ಇಂಜಿನಿಯರ್ ಸಾಹೇಬ್ರು...

ಏನಂದ್ರು?... ಫೋನ್ ಇಟ್ಟಬಿಟ್ರಾ? ಕೊಡಿಲ್ಲೆ.

ಹಲೋ... ಮಾರ್ತಾಂಡರಾಯ್ರ... ಹಲೋ...