ರೇವಪ್ಪ ಸಾವಕಾರರ ಅಂಬಾಸಿಡರ್ ಸ್ಟಾರ್ಟ್ ಆಗದ ಬಗ್ಗೆ

ಸಿದ್ದರಾಮ, ತಂದೆ ಧರ್ಮಣ್ಣ, ವಯಸ್ಸು 19, ಉದ್ಯೋಗ ಕಾರು ರಿಪೇರಿ, ವಾಸ ನ್ಯಾಲ್ಕಲ್ ಗ್ರಾಮ ಮತ್ತು ಮಂಡಲ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಿದ್ದೇನೆ. ತೆಲುಗು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಹೆಡ್ ಕಾನ್‌ಸ್ಟೆಬಲ್ ಜೈಪಾಲ ಅವರು ತಮಗೆ ಕನ್ನಡ ಓದಲು ಬರುತ್ತದೆ ಎಂದಿದ್ದರಿಂದ ಜಹೀರಾಬಾದ್ ಠಾಣೆಯಲ್ಲಿ ಕೂತು ಸ್ವಂತ ಕೈಯಿಂದ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ರೇವಪ್ಪ ಸಾವಕಾರರ ಅಂಬಾಸಿಡರ್ ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂಬುದು ನನಗೆ ಹೋದ ವರ್ಷದ ದಸರೆಯಿಂದ ಗೊತ್ತಿದೆ. ಗೊತ್ತಿದ್ದೂ ಅವರಿಗೆ ಹೇಳಿಲ್ಲ. ಆದರೆ ಅದರ ರೋಟರ್ ನಾನು ಕದ್ದಿಲ್ಲ.

ರೇವಪ್ಪನವರು ಇದೇ ಜಹೀರಾಬಾದಿನಲ್ಲಿ ಬೇಳೆ ವ್ಯಾಪಾರ ಮಾಡಿದವರು. ವಯಸ್ಸು 72. ಕಾರು 1979ನೆಯದು, ಅವರ ಹೆಸರಿನಲ್ಲಿದೆ. ಎರಡು ವರ್ಷದಿಂದ ಅವರಿಗೆ ಎದುರಿಗಿದ್ದದ್ದು ಕಾಣುತ್ತದೆ, ಬದಿಯಿಂದ ಬರುವುದು ಕಾಣುವುದಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಬೀದರ್ ರಸ್ತೆಯಲ್ಲಿ ನನ್ನ ತಂದೆಯ ಕುರಿಹಿಂಡಿನ ಮೇಲೆ ಕಾರು ತಂದರು. ನಾನು ಅಲ್ಲೇ ಇದ್ದೆ. ಕುರಿಗಳಿಗೆ ಏನೂ ಆಗಲಿಲ್ಲ. ಕುರಿಗಿ ಸಿಗ್ನಲ್ ಕಲಿಸೋ ಧರ್ಮಣ್ಣಾ ಎಂದು ಅವರು ನನ್ನ ತಂದೆಗೇ ಬೈದರು. ಕಾರಿನಲ್ಲಿದ್ದ ಅವರ ಹೆಂಡತಿ ಶಿವಕಾಂತಾ ಅವ್ವಾರು ಇಳಿದು ರಸ್ತೆಬದಿಯ ಮಣ್ಣಿನಲ್ಲಿ ಕೂತುಬಿಟ್ಟರು. ಬಹಳ ಹೊತ್ತು ಏಳಲಿಲ್ಲ.

ಅದಾದ ಮೇಲೆ ಕಾರು ಸ್ಟಾರ್ಟ್ ಆಗುವುದು ನಿಂತಿತು. ದಸರೆ ಪೂಜೆಯ ಮರುದಿನ ನನ್ನನ್ನು ಕರೆಸಿದರು. ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಅವ್ವಾರು ಪೂಜೆಗೆ ನೀರಲ್ಲಿ ಕಲಸಿದ ವಿಭೂತಿಯನ್ನು ಎಂಜಿನ್‌ಗೂ ಮೂರು ಪಟ್ಟೆ ಎಳೆಯುತ್ತಾರೆ. ಪ್ಲಗ್‌ಗಳಿಗೆ ಕರೆಂಟು ಹಂಚುವ ಡೆಲ್ಕೋ ಡಬ್ಬಿಯ ಮುಚ್ಚಳಕ್ಕೂ ಎಳೆದಿದ್ದರು. ಹಸಿಯ ಗುಂಟ ಕರೆಂಟು ಸೋರಿಹೋಗುತ್ತದೆ, ತಪ್ಪು ಅದೇ ಎಂದುಕೊಂಡು ಒರೆಸಿದೆ. ಅದಲ್ಲ. ಕಾಯಲ್ ವೈರು ಎಂಜಿನ್ ಹತ್ತಿರ ಹಿಡಿದೆ, ನೀಲಿ ಕಿಡಿ ಬಂತು. ಪ್ಲಗ್ ವೈರು ಹಿಡಿದೆ, ಬರಲಿಲ್ಲ. ಅಂದರೆ ಕರೆಂಟು ಡೆಲ್ಕೋವರೆಗೆ ಬಂದು ಮುಂದೆ ಹೋಗುತ್ತಿಲ್ಲ. ಮುಚ್ಚಳ ತೆಗೆದು ನೋಡಿದರೆ ಒಳಗೆ ತಿರುಗಬೇಕಾದ ರೋಟರ್ ಇರಲಿಲ್ಲ. ಅದು ಹೆಬ್ಬೆರಳಿನಷ್ಟು ಕಪ್ಪು ತುಂಡು, ತುದಿಗೆ ಹಿತ್ತಾಳೆ ಇರುತ್ತದೆ.

ನಾನು ಬಾಯಿ ತೆರೆಯುವ ಮೊದಲೇ ಅವ್ವಾರು ಚಹಾ ಕುಡಿ ಬಾ ಎಂದು ಅಡುಗೆಮನೆಗೆ ಕರೆದರು. ದೇವರ ಗೂಡಿನ ವಿಭೂತಿ ಡಬ್ಬಿ ತೆರೆದು, ಭಸ್ಮದೊಳಗೆ ಹುಗಿದಿಟ್ಟ ರೋಟರ್ ತೆಗೆದು ನನ್ನ ಕೈಯಲ್ಲಿಟ್ಟರು. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ. ತಮ್ಮಾ, ಕುರಿ ಉಳಿದಾವ, ನಾಳಿ ಯಾರದರ ಕೂಸು ಅಡ್ಡ ಬಂದ್ರ? ಗಾಡಿ ಬಿಡ್ರಿ ಅಂದ್ರ ಅವರು ಊಟ ಬಿಡ್ತಾರ. ಗಾಡೀನೇ ಚಾಲೂ ಆಗಂಗಿಲ್ಲ ಅಂದ್ರ ಅದರ ಮುಂದ ಕುಂತು ಖುಷಿಯಾಗಿರ್ತಾರ. ನಾನು, ಅವ್ವಾರೆ, ನನಗ ಸುಳ್ಳು ಹೇಳಾಕ ಆಗಂಗಿಲ್ರಿ ಎಂದೆ. ಸುಳ್ಳು ಹೇಳು ಅಂದೆನೇನು, ಚಹಾ ಕುಡಿ ಅಂದೆ ಎಂದರು.

ಅಂದಿನಿಂದ ವಾರಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲ ರೇವಪ್ಪನವರು ಸ್ಟೂಲು ಹಾಕಿಕೊಂಡು ಇವತ್ತು ಕಾರ್ಬೊರೇಟರ್ ಇರಬೇಕು, ಇವತ್ತು ಪಾಯಿಂಟ್ ಇರಬೇಕು ಎನ್ನುತ್ತಿದ್ದರು. ಪ್ಲಗ್ ಬಿಚ್ಚಿ ಮೂಸಿ ನೋಡುತ್ತಿದ್ದರು. ಡೆಲ್ಕೋ ಮುಚ್ಚಳಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ. ಅದರೊಳಗೇನಿದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ, ಹಾಗಾಗಿ ನಾನು ಸುಳ್ಳು ಹೇಳಬೇಕಾಗಿ ಬರಲಿಲ್ಲ. ಚಹಾ ಕುಡಿದು, ಅವ್ವಾರು ಕೊಟ್ಟ ರೋಟರ್ ತಂದು ಹಾಕುತ್ತಿದ್ದೆ. ಕಾರು ಒಂದೇ ಸೆಲ್ಫಿಗೆ ಹಿಡಿಯುತ್ತಿತ್ತು. ರಿಪೇರಿಯಾದ ಗಾಡಿಯ ಟ್ರಯಲ್ ಮೆಕ್ಯಾನಿಕ್ಕೇ ನೋಡಬೇಕು ಎಂದು ಹೇಳಿ ರೇವಪ್ಪನವರೇ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಮೊಗುಡಂಪಲ್ಲಿಗೆ ಹೋಗಿ ಬರುತ್ತಿದ್ದೆವು. ಬಂದ ಮೇಲೆ ರೋಟರ್ ತೆಗೆದು ಅವ್ವಾರಿಗೆ ಕೊಡುತ್ತಿದ್ದೆ.

ಕಳೆದ ಶುಕ್ರವಾರ ಅವ್ವಾರು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನಾರಾಯಣಖೇಡದಲ್ಲಿರುವ ಮಗಳ ಮನೆಗೆ ಹೋದರು. ದಿನದ ಪೂಜೆಗೆ ಬೇಕೆಂದು ವಿಭೂತಿ ಡಬ್ಬಿಯನ್ನೂ ಒಯ್ದರು. ರೋಟರ್ ಅದರೊಳಗೇ ಇದೆ.

ನಿನ್ನೆ ಭಾನುವಾರ ಬೆಳಿಗ್ಗೆ 10 ಗಂಟೆಗೆ ರೇವಪ್ಪನವರ ಮಗ ಧನರಾಜ ಅವರು ತಾಂಡೂರಿನ ಅಮರನಾಥ ಎಂಬುವರನ್ನು ಮಾರಾಟಕ್ಕೆ ಕಾರು ತೋರಿಸಲು ಕರೆತಂದರು. ಅಮರನಾಥ ಅವರು ಮದುವೆಗಳಿಗೆ ಹಳೆಯ ಕಾರು ಬಾಡಿಗೆಗೆ ಕೊಡುತ್ತಾರೆ. ಕಾರು ಸ್ಟಾರ್ಟ್ ಆಗಲಿಲ್ಲ. ಅವರ ಜೊತೆ ಬಂದ ಮೆಕ್ಯಾನಿಕ್ ಡೆಲ್ಕೋ ತೆರೆದು ರೋಟರ್ ಕಳುವಾಗಿದೆ ಎಂದನು. ರೇವಪ್ಪನವರು, ಛೇ, ಕಾಯಲ್ ಇರಬೇಕು ನೋಡ್ರಿ ಎಂದರು. ಅಮರನಾಥ ಅವರು ಹೊರಟುಹೋದರು. ಕಾರು ಬೇರೆಯವರ ಪಾಲಾಗಬಾರದೆಂದು ನಾನೇ ರೋಟರ್ ಕದ್ದಿದ್ದೇನೆ ಎಂದು ಧನರಾಜ ಅವರು ದೂರು ಕೊಟ್ಟರು.

ಈ ದಿನ 11 ಗಂಟೆಗೆ ಕರೆದಿದ್ದಕ್ಕೆ ಠಾಣೆಗೆ ಬಂದೆ. ಧನರಾಜ ಅವರೂ ಇದ್ದರು. ಸುದ್ದಿ ಕೇಳಿ ರೇವಪ್ಪನವರು ಆಟೋದಲ್ಲಿ ಬಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಅವರಿಗೆ ಕೇಳಿಸುವಂತೆ ನಾನು ಏನೂ ಹೇಳಲಾರೆ, ಬರೆದುಕೊಡುತ್ತೇನೆ ಎಂದೆ. ಬರೆದರೂ ಕೊನೆಗೆ ಗಟ್ಟಿಯಾಗಿ ಓದಿ ಹೇಳಬೇಕು, ಅದು ನಿಯಮ ಎಂದು ಜೈಪಾಲ ಅವರು ಹೇಳಿದರು. ಬಾಗಿಲು ಹಾಕಿ ಓದಬೇಕೆಂದು ಕೇಳಿಕೊಂಡು ಇಲ್ಲಿಯವರೆಗೆ ಬರೆದಿದ್ದೇನೆ.

ಜೈಪಾಲ ಅವರು ಬಾಗಿಲು ಹಾಕಲು ಎದ್ದಾಗ ರೇವಪ್ಪನವರು ಚೌಕಟ್ಟು ತಡವುತ್ತಾ ಒಳಗೆ ಬಂದರು. ಕಿಸೆಯಿಂದ ಒಂದು ಹಳೆಯ ರೋಟರ್ ತೆಗೆದು ಮೇಜಿನ ಮೇಲಿಟ್ಟರು. ಹುಡುಗನ್ನ ಬಿಡು ಜೈಪಾಲ, ಇದು ನನ್ನ ಬಲ್ಲಿರೋ ಎರಡನೇದು, ಬೇಕಂದ್ರ ಯಾವಾಗರ ಹಾಕ್ಕೋತಿದ್ದೆ ಎಂದರು. ಹಿಂದೆ ಬೇಳೆ ಖರೀದಿಗೆ ಲಾರಿಯಲ್ಲಿ ತಾಂಡೂರಿಗೆ ಹೋದಾಗ ಮನೆಯಲ್ಲಿ ಬಿಟ್ಟ ಗಾಡಿ ಯಾರೂ ಒಯ್ಯಬಾರದೆಂದು ತಾವೇ ರೋಟರ್ ತೆಗೆದು ಹೆಂಡತಿಯ ಕೈಗೆ ಕೊಡುತ್ತಿದ್ದುದಾಗಿ, ತೆಗೆಯುವುದನ್ನು ಅವರಿಗೆ ಕಲಿಸಿದ್ದೂ ತಾವೇ ಎಂಬುದಾಗಿ ಹೇಳಿದರು. ಟ್ರಯಲ್‌ನ ಮೊದಲ ದಿನ ಮೊಗುಡಂಪಲ್ಲಿಯಲ್ಲಿ ನಾನು ನೀರು ಕುಡಿಯಲು ಇಳಿದಾಗ ಅವರು ಮುಚ್ಚಳ ತೆಗೆದು ನೋಡಿದ್ದರಂತೆ. ಭಸ್ಮ ಹಚ್ಕೊಂಡ ರೋಟರ್ ನನಗ ಕಾಣಂಗಿಲ್ಲೇನು, ಎದುರಿಗಿದ್ದುದು ಕಾಣತದಲ್ಲ ಎಂದರು.

ಹಾಗಾದರೆ ವಾರವಾರ ಮೆಕ್ಯಾನಿಕ್ಕನ್ನು ಯಾಕೆ ಕರೆಸಿದಿರಿ ಎಂದು ಜೈಪಾಲ ಅವರು ಕೇಳಿದರು. ಗಾಡಿ ಕೆಟ್ಟದಂತ ನಾ ನಂಬೀನಿ ಅಂದ್ರನ ಆಕೀ ಅಂಜಿಕಿ ಹೋಗತದಲ್ಲ ಎಂದರು. ಮತ್ತ ಈ ಸಿದ್ದ್ಯಾ ಬೀದರ್ ಗ್ಯಾರೇಜ್ ಬಿಟ್ಟ, ಹೈದರಾಬಾದ್ ಬಿಟ್ಟ, ಎಲ್ಲಿ ಆರು ತಿಂಗಳು ನಿಂತಾನ? ನಮ್ಮ ಗಾಡಿಗಿ ನಿಂತಾನ ಎಂದರು.

ಧನರಾಜ ಅವರು ತಲೆ ತಗ್ಗಿಸಿ, ತಂದೆ ಓಡಿಸಬಾರದು ಎಂದೇ ಕಾರು ಮಾರಲು ಹೊರಟದ್ದಾಗಿ ಹೇಳಿದರು. ಅದೂ ಗೊತ್ತದ, ನಿಮ್ಮವ್ವನ ಇಲಾಜು ಸಸ್ತಾ ಇತ್ತು ಎಂದು ರೇವಪ್ಪನವರು ನಕ್ಕರು. ಕಳೆದುಹೋದ ರೋಟರ್ ತಂದು ತೋರಿಸಿದರೆ ದೂರು ಮುಗಿಸುತ್ತೇವೆ ಎಂದು ಜೈಪಾಲ ಅವರು ತಿಳಿಸಿದರು.

ಮೇಜಿನ ಮೇಲಿದ್ದ ರೋಟರನ್ನು ರೇವಪ್ಪನವರು ಮತ್ತೆ ಕಿಸೆಗೆ ಹಾಕಿಕೊಂಡರು. ತಮಗೆ ಗೊತ್ತಿದೆ ಎಂಬುದು ಅವ್ವಾರಿಗೆ ತಿಳಿಯಬಾರದು ಎಂದರು. ಅವ್ವಾರು ಕೇಳಿದ್ರ ಸುಳ್ಳು ಹೇಳಂಗಿಲ್ರಿ ಎಂದೆ. ಕೇಳಂಗಿಲ್ಲ ಬಿಡು, ಚಹಾ ಕುಡಿ ಅಂತಾಳ ಎಂದರು.

ಇದು ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಜೈಪಾಲ ಅವರು ಬಾಗಿಲು ತೆರೆದಿಟ್ಟೇ ಓದಿ ಹೇಳಿದರು. ತಿದ್ದುವುದೇನೂ ಇಲ್ಲ. ರೋಟರ್ ತರಲು ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ನಾನು ನಾರಾಯಣಖೇಡಕ್ಕೆ ಹೊರಡುತ್ತೇನೆ.

ಸ್ಥಳ: ಜಹೀರಾಬಾದ್
ದಿನಾಂಕ: 18-11-2024
ಸಹಿ: ಸಿದ್ದರಾಮ