ಟ್ರಂಕಿನ ಕೀಲಿ

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಓದುತ್ತ ಕೂತಿದ್ದೆ. ಅದು ತಲೆಕೆಳಗಾಗಿತ್ತೆಂದು ಆಮೇಲೆ ಗೊತ್ತಾಯಿತು. ಪಕ್ಕದಲ್ಲಿ ತವರಿಗೆ ಹೊರಟ ಮಾಯವ್ವ, ಅವಳನ್ನು ಕಳಿಸಲು ಬಂದ ನಾದಿನಿ ರಂಜನಾ.

“ಲಕ್ವಾ ಹೊಡದ ಅತ್ತೀನ್ನ ನಾಕ ವರ್ಷ ನಾ ಒಬ್ಬಾಕಿನ ಎತ್ತಿ ಇಳಿಸೇನಿ. ನಿನಗ ಈಗ ಹೆಂಗ ನೆನಪಾತು?”

“ನಿನ್ನ ನಡಾ ಹೋಗೇತಿ ವೈನಿ. ಎಂಟ ದಿನ ಆರಾಮ ಮಾಡಿ ಬಾ. ಅವ್ವನ್ನ ನಾ ನೋಡ್ಕೋತೀನಿ.”

“ಅವ್ವನ್ನ ನೋಡ್ತೀಯೋ, ಅವ್ವನ ಬಂಗಾರದ ಬುಗುಡಿ ನೋಡ್ತೀಯೋ?”

“ಅವನ್ನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೀದಿ, ಕಂಡೇನಿ. ಗುಳಿಗಿ ಎಲ್ಲಿ ಅದಾವ?”

ಮಾಯವ್ವ ಸೆರಗಿನ ಗಂಟು ಮುಟ್ಟಿಕೊಂಡಳು. “ಅವೂ ಟ್ರಂಕಿನ್ಯಾಗ.”

“ಕೀಲಿ ಕೊಡು ಮತ್ತ.”

“ತಡಿ. ನನ್ನ ಕೈಲೆ ಅರ್ಧ ರೊಟ್ಟಿ ತಿನ್ನಾಕ ತಾಸು ಮಾಡ್ತಾಳ. ನಿನ್ನಿ ನಿನ್ನ ಕೈಲೆ ಎರಡ ತಿಂದ್ಳು. ಏನ ಮಾಟಾ ಮಾಡೀದಿ?”

“ಎಲ್ಲಿ ಮಾಟಾ? ನುಂಗಾಕ ಆಗವಲ್ದು, ಕಣ್ಣಾಗ ನೀರು. ಆದ್ರೂ ಬಾಯಿ ತಗೀತಿದ್ಳು. ‘ನಾ ಉಣ್ಣದಿದ್ರ ಮಾಯಿ ತವರಿಗೆ ಹೋಗಂಗಿಲ್ಲ’ ಅಂದ್ಳು.”

ಬೀಳಗಿ ಬಸ್ ಬಂತು. ಮಾಯವ್ವ ಹತ್ತಿದಳು. ಬಸ್ ಹೊರಳುವಾಗ ಕಿಟಕಿಯಿಂದ ಕೀಲಿ ಹಾರಿ ಬಂದು ರಂಜನಾಳ ಕಾಲ ಬಳಿ ಬಿತ್ತು.

“ರೊಟ್ಟಿ ಹಾಲಾಗ ಮುರದು ನೆನಸು! ಗಟ್ಟಿ ಕೊಟ್ರ ನೆತ್ತಿಗೇರತೈತಿ!”

“ಆತು ವೈನಿ!”

“ಬುಗುಡಿ ಎಣಿಸಿ ಇಟ್ಟೇನಿ!”

“ಇರಾವ ಎರಡ ಅಲ್ಲೇನ ಬೇ!”

ಬಸ್ ಹೋಯಿತು. ರಂಜನಾ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ನನ್ನನ್ನು ಅನುಮಾನದಿಂದ ನೋಡಿ ಹೊರಟಳು.