ಸದ್ದಿಲ್ಲದ ಪ್ರೊಸೆಸರ್

ಕೆಟ್ಟ ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಯಲ್ಲಿ ಕಾಯುತ್ತಿದ್ದ ಟೀಚರಮ್ಮನ ಕಿವಿಯೆಲ್ಲ ಪಕ್ಕದ ಅಕ್ಕ-ತಮ್ಮನ ಮಾತಿನ ಮೇಲೇ ಇತ್ತು. ಅವರ ಹಳೆಯ ಕಂಪ್ಯೂಟರ್ ಪೆಟ್ಟಿಗೆ ಆಗಲೇ ಕೌಂಟರ್ ಏರಿ ಕೂತಿತ್ತು.

“ಈ ಪ್ರೊಸೆಸರೇ ತಗೋ ಅಕ್ಕಾ. ನಿನ್ನ ವಿಡಿಯೋ ಕೆಲಸ ಚಕಚಕ ಮುಗಿಯುತ್ತೆ.”

“ಬಿಸಿಯಾಗಲ್ವಾ?”

“ಇಲ್ವೇ ಇಲ್ಲ. ಫ್ಯಾನ್ ತಿರುಗೋ ಸದ್ದೂ ಕೇಳಲ್ಲ.”

“ಹಾಗಾದ್ರೆ ಬೇಡ.”

“ತಲೆಗಿಲೆ ಕೆಟ್ಟಿದೆಯಾ? ಈ ಡಬ್ಬ ಮನೆ ಹಾರಿಹೋಗೋ ಹಾಗೆ ಅರಚುತ್ತೆ!”

“ಬೇರೆ ಮನೆ ಮಾಡಿರೋ ನಿಂಗೇನು ಗೊತ್ತು? ಕಣ್ಣು ಹೋದ ಮೇಲೆ ಅಪ್ಪಂಗೆ ಆ ಸದ್ದೇ ಆಸರೆ. ಅದು ಕೇಳ್ತಿದ್ರೆ, ಮಗಳು ಇಲ್ಲೇ ಇದಾಳೆ ಅಂತ ನಿದ್ದೆ ಮಾಡ್ತಾರೆ. ನಿಂತ್ರೆ ಗೋಡೆ ತಡವ್ಕೊಂಡು ನನ್ನ ಹುಡುಕ್ತಾರೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಬಂದ ಕೂಡ್ಲೇ ಅದನ್ನ ಆಫ್ ಮಾಡು ಅಂತೀಯಲ್ಲ.”

ತಮ್ಮ ಎದ್ದು ಕೌಂಟರಿಗೆ ಹೋದ.

“ನಾನು ಹೇಳಿದ ಪ್ರೊಸೆಸರೇ ಹಾಕಿ. ಹಿಂದುಗಡೆ ಫ್ಯಾನ್ ಮಾತ್ರ ಮುಟ್ಟಬೇಡಿ.”

“ಅದು ವಿಪರೀತ ಸದ್ದು ಮಾಡುತ್ತೆ ಸಾರ್.”

“ಮಾಡ್ಲಿ ಬಿಡಿ.”

“ಸರಿ, ಪೆಟ್ಟಿಗೆ ಇಲ್ಲೇ ಇರ್ಲಿ. ಸಂಜೆ ಬನ್ನಿ.”

ಅಕ್ಕ ನಿಧಾನಕ್ಕೆ ಚೀಲ ಎತ್ತಿಕೊಳ್ಳುವಷ್ಟರಲ್ಲಿ ತಮ್ಮ ಬಾಗಿಲು ದಾಟಿದ್ದ.

“ಬೇಗ ಬಾ ಅಕ್ಕಾ. ಈಗ ಮನೇಲಿ ಸದ್ದಿಲ್ಲ.”